ನಿವೃತ್ತಿಯ ಮರುದಿನ

ಬೀಳ್ಕೊಡುಗೆಯ ದಿನ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯೊಡನೆ ಒಂದು ಗೋಡೆಗಡಿಯಾರವನ್ನು ಕೊಟ್ಟರು. 36 ವರ್ಷ ಗಡಿಯಾರದ ಮುಳ್ಳಿನ ಹಿಂದೆ ಓಡಿದ ಬ್ಯಾಂಕ್ ಗುಮಾಸ್ತನಿಗೆ, ಇನ್ನು ಅದರ ಅಗತ್ಯವೇ ಇಲ್ಲದ ದಿನ, ಗಡಿಯಾರವನ್ನೇ ಕೊಡುವ ಈ ಪದ್ಧತಿಯನ್ನು ಯಾರು ಆರಂಭಿಸಿದರೋ ತಿಳಿಯದು. ಮರುದಿನ ಬೆಳಿಗ್ಗೆ ಎಂದಿನಂತೆ ಐದಕ್ಕೇ ಎಚ್ಚರವಾಯಿತು. ಸ್ನಾನ, ತಿಂಡಿ ಮುಗಿಸಿ, ಹಾಲು ತರುವ ನೆಪದಿಂದ ಡೊಂಬಿವಲಿ ನಿಲ್ದಾಣದ ಕಡೆಗೆ ನಡೆದೆ. ನಾನು ನಿತ್ಯವೂ ಹಿಡಿಯುತ್ತಿದ್ದ ಲೋಕಲ್ ಬಂದಿತು. ಬಾಗಿಲಿನಲ್ಲಿ ಜೋತುಬಿದ್ದಿದ್ದ ನಮ್ಮ ಗುಂಪಿನವರೊಬ್ಬರು ನನ್ನನ್ನು ಕಂಡು ಕೈಬೀಸಿದರು. ಗಾಡಿ ಹೊರಟುಹೋಯಿತು. ಹಾಲಿನ ಚೀಲ ಹಿಡಿದು ನಾನು ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದೆ.

ಮೊದಲ ತಿಂಗಳು ಹಬ್ಬದಂತೆ ಕಳೆಯಿತು. ಊರಿಗೆ ಹೋಗಿ ಬಂದೆವು, ಬಂಧುಗಳ ಮನೆಗಳಲ್ಲಿ ಉಂಡೆವು. ಮೂರನೆಯ ತಿಂಗಳಿನ ಹೊತ್ತಿಗೆ ವರ್ತಮಾನಪತ್ರಿಕೆಯೊಂದನ್ನು ಓದಿ ಮುಗಿಸಲು ಮಧ್ಯಾಹ್ನದವರೆಗೆ ಸಮಯ ಹಿಡಿಯತೊಡಗಿತು. ಹಗಲು ನಿದ್ರೆ ಹತ್ತಿತು, ರಾತ್ರಿಯದು ಹೋಯಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ, ಬೇಳೆ ಯಾವ ತಾರೀಖಿಗೆ ಮುಗಿಯಿತೆಂದು ಲೆಕ್ಕ ಬರೆಯಲಾರಂಭಿಸಿದಾಗ ನನ್ನಾಕೆ, "ನೋಡಿ, ನಿವೃತ್ತಿಯಾದದ್ದು ನಿಮಗೆ. ನನಗೆ ಮಾತ್ರ ಮನೆಯಲ್ಲೊಬ್ಬ ಮೇಲಧಿಕಾರಿ ಬಂದಂತಾಯಿತು" ಎಂದಳು. ಆ ಮಾತಿಗೆ ನಾನು ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ, ಅವಳು ಹೇಳಿದುದರಲ್ಲಿ ಸುಳ್ಳೇನೂ ಇಲ್ಲವೆಂಬುದು ತಿಳಿಯಿತು.

ರಕ್ತದಲ್ಲಿ ಸಕ್ಕರೆಯ ಅಂಶ ಏರಿತೆಂದು ವೈದ್ಯರ ಬಳಿಗೆ ಹೋದೆ. ಅವರು ಗುಳಿಗೆ ಬರೆದುಕೊಟ್ಟರು, ನಡಿಗೆ ಹೇಳಿದರು. ಏಳುವಾಗ, "ನಾಳೆ ನಿಮಗಾಗಿ ಯಾರು ಕಾಯುತ್ತಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತಿಯಿಂದಲೇ ನನಗೆ ಸಕ್ಕರೆ ರೋಗ ಬಂದಿತೆಂದು ಹೇಳಲಾರೆ. ಅದಕ್ಕೆ ವಂಶ, ಆಹಾರ, ಕುಳಿತು ಮಾಡಿದ ಕೆಲಸ ಎಲ್ಲವೂ ಕಾರಣವಾಗಿರಬಹುದು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅದರ ಬೆನ್ನುಹತ್ತಿ ಓದುತ್ತಿದ್ದಾಗ ಮಾರಿಯೆಂಥಾಲ್ ಎಂಬ ಊರಿನ ವೃತ್ತಾಂತ ಸಿಕ್ಕಿತು. ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪದ ಈ ಸಣ್ಣ ಊರು ಬದುಕಿದ್ದುದೇ ಒಂದು ಬಟ್ಟೆಯ ಗಿರಣಿಯಿಂದ. 1930ರ ವೇಳೆಗೆ ಆ ಗಿರಣಿ ಮುಚ್ಚಿತು. ಮಾರೀ ಯಹೋದಾ ಎಂಬ ತರುಣಿಯೂ ಅವಳ ಸಂಗಡಿಗರೂ ಅಲ್ಲಿಗೆ ಹೋಗಿ, ಕೆಲಸ ಕಳೆದುಕೊಂಡವರ ದಿನಚರಿಯನ್ನು ಪರಿಶೀಲಿಸಿ, 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬೇಕಾದಷ್ಟು ಬಿಡುವಿದ್ದ ಆ ಜನ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುವ ಬದಲು ಇಳಿದಿತ್ತು. ಬೀದಿಯಲ್ಲಿ ಗಂಡಸರು ನಡೆಯುವ ವೇಗವನ್ನು ಇವರು ಮರೆಯಲ್ಲಿ ನಿಂತು ಅಳೆದರು. ಅವರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬಹುತೇಕರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಬೆಳಗಿನಿಂದ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ತೋಚುತ್ತಿರಲಿಲ್ಲ. ಹೆಂಗಸರು ಮಾತ್ರ ಸರಸರನೆ ನಡೆಯುತ್ತಿದ್ದರು. ಒಲೆ, ಮಕ್ಕಳು, ಬಟ್ಟೆ ಒಗೆತ ಇವುಗಳಿಗೆ ಗಿರಣಿ ಮುಚ್ಚಿದರೂ ರಜೆಯಿರಲಿಲ್ಲ. ಇದನ್ನು ಓದಿ ಹೇಳಿದಾಗ ನನ್ನಾಕೆ ನಕ್ಕುಬಿಟ್ಟಳು.

ನಿವೃತ್ತಿವೇತನ ಪಡೆಯುವ ನನ್ನನ್ನು ಆ ಬಡವರೊಡನೆ ಹೋಲಿಸುವುದು ನ್ಯಾಯವಲ್ಲ, ನಿಜ. 1982ರ ಜನವರಿ 18ರಂದು ಆರಂಭವಾದ ಮುಂಬಯಿಯ ಗಿರಣಿ ಮುಷ್ಕರವನ್ನು ಕಂಡ ನಮಗೆ ಆ ಹೋಲಿಕೆಯ ಭಾರವೂ ಗೊತ್ತು. ಸುಮಾರು 2.5 ಲಕ್ಷ ಕಾರ್ಮಿಕರ ಮುಷ್ಕರವದು. ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲೇ ಇಲ್ಲ. ಲಾಲ್‌ಬಾಗ್, ಪರಳದ ಚಾಳುಗಳ ಮೆಟ್ಟಿಲ ಮೇಲೆ ನಡುವಯಸ್ಸಿನ ಗಂಡಸರು ಹಗಲಿಡೀ ಸುಮ್ಮನೆ ಕುಳಿತಿರುತ್ತಿದ್ದುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅವರ ಕಷ್ಟ ಮುಖ್ಯವಾಗಿ ಹೊಟ್ಟೆಯದು. ಆದರೆ ಉದ್ಯೋಗ ಸಂಬಳವನ್ನಷ್ಟೇ ಕೊಡುವುದಿಲ್ಲ. ದಿನಕ್ಕೊಂದು ಕ್ರಮ, ಮನೆಯಾಚೆಯ ಒಡನಾಟ, ನಾಲ್ವರೊಡಗೂಡಿ ಮಾಡುವ ಕಾರ್ಯದಲ್ಲೊಂದು ಪಾಲು, ಸಮಾಜದಲ್ಲೊಂದು ಸ್ಥಾನ ಇವುಗಳನ್ನೂ ನಾವು ಕೇಳದೆಯೇ ಕೊಡುತ್ತದೆ ಎಂದು ಯಹೋದಾ ಮುಂದೆ ವಿವರಿಸಿದಳು. ನಿವೃತ್ತಿವೇತನದಲ್ಲಿ ಸಂಬಳದ ಒಂದು ಪಾಲು ಮರಳುತ್ತದೆ. ಉಳಿದವನ್ನು ನಾವೇ ಅರಸಿಕೊಳ್ಳಬೇಕು.

ಇಂಥ ಸಂದರ್ಭಗಳಲ್ಲಿ ನಮ್ಮ ಸಭೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ತಪ್ಪದೆ ಬರುತ್ತದೆ. ಪುಣೆಯಲ್ಲಿ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಅವರು ಐವತ್ತು ತುಂಬುವ ಮೊದಲೇ ಆ ಸೇವೆಯಿಂದ ನಿವೃತ್ತರಾದರು. 1908ರ ಮೂಸಿ ನದಿಯ ಪ್ರವಾಹದ ತರುವಾಯ ಹೈದರಾಬಾದಿಗೆ ಮಾಡಿದ ಯೋಜನೆ, ಕನ್ನಂಬಾಡಿ ಕಟ್ಟೆ, 1912ರಿಂದ 1918ರವರೆಗಿನ ದಿವಾನಗಿರಿ ಎಲ್ಲವೂ ಆಮೇಲಿನವು. ಕೇಳಲು ಸ್ಫೂರ್ತಿದಾಯಕವೇ. ಆದರೆ ಕಟ್ಟೆ ಕಟ್ಟುವ ಯೋಗ್ಯತೆಯಿಲ್ಲದ ನನ್ನಂಥ ಗುಮಾಸ್ತನಿಗೆ ಈ ಉದಾಹರಣೆಯಿಂದ ಧೈರ್ಯಕ್ಕಿಂತ ಸಂಕೋಚವೇ ಹೆಚ್ಚಾಗುತ್ತದೆಂಬುದನ್ನು ಭಾಷಣಕಾರರು ಗಮನಿಸಬೇಕು.

ಅದೃಷ್ಟಕ್ಕೆ, ದೇಹಕ್ಕೆ ಬೇಕಾದ ಉದ್ದೇಶ ಅಷ್ಟು ದೊಡ್ಡದಾಗಿರಬೇಕಾಗಿಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು 14 ವರ್ಷ ಅನುಸರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಾಳಿಗೊಂದು ಗುರಿಯಿದೆ ಎಂದವರಲ್ಲಿ ಮರಣದ ಸಂಭವ ಕಡಿಮೆಯಿತ್ತು. ಉದ್ಯೋಗದಲ್ಲಿದ್ದವರಿಗೂ ನಿವೃತ್ತರಿಗೂ ಇದು ಸಮಾನವಾಗಿ ಅನ್ವಯಿಸಿತು. ಗಟ್ಟಿಮುಟ್ಟಾದವರಿಗೆ ಗುರಿಯೂ ಸುಲಭವಾಗಿ ಸಿಗುತ್ತದೆಯಾದ್ದರಿಂದ ಇದನ್ನು ಔಷಧದಂತೆ ಭಾವಿಸಲಾಗದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಎರಡು ವಾರಕ್ಕೂ ಮೀರಿ ನಿದ್ರೆ, ಹಸಿವು, ಆಸಕ್ತಿಗಳು ಕುಂದಿ ಮನಸ್ಸು ಕತ್ತಲಾಗಿಯೇ ಉಳಿದರೆ ಅದು ಖಿನ್ನತೆಯೆಂಬ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಅಂಥವರಿಗೆ "ಏನಾದರೂ ಸಮಾಜಸೇವೆ ಮಾಡಿ" ಎಂದು ಉಪದೇಶಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನನಗೆ ಕೆಲಸ ಸಿಕ್ಕಿದ್ದು ಆಕಸ್ಮಿಕವಾಗಿ. ನಿವೃತ್ತಿವೇತನ ಪಡೆಯುವವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಸರಕಾರಕ್ಕೆ ತೋರಿಸಿಕೊಡಬೇಕಷ್ಟೆ. ಮುಂಬಯಿಯಲ್ಲಿ ಇದಕ್ಕೆ ಹಯಾತಿಚಾ ದಾಖಲಾ ಎನ್ನುತ್ತಾರೆ. 2014ರಿಂದ ಇದನ್ನು ಯಂತ್ರದ ಮೇಲೆ ಬೆರಳೊತ್ತಿ ಸಲ್ಲಿಸುವ ಅನುಕೂಲವಾಗಿದೆ. ಆದರೆ ವಯಸ್ಸಾದವರ ಬೆರಳುಗಳ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ನಮ್ಮ ಸಂಘದ ವಾಚನಾಲಯಕ್ಕೆ ಬಂದ ಹಿರಿಯರೊಬ್ಬರು ಹೀಗೆ ಮೂರು ಸಲ ಅಲೆದು ಸೋತಿದ್ದರು. ಬ್ಯಾಂಕಿನಲ್ಲಿದ್ದ ನನಗೆ ಈ ಕಾಗದಪತ್ರಗಳ ಪರಿಚಯವಿತ್ತು. ಅವರದನ್ನು ಮಾಡಿಕೊಟ್ಟೆ. ಮರುದಿನ ಅವರು ಇಬ್ಬರನ್ನು ಕರೆತಂದರು. ಈಗ ನನಗಿದು ಆರನೆಯ ನವೆಂಬರು. ಉಳಿದ ತಿಂಗಳುಗಳಲ್ಲಿ ವಾರಕ್ಕೆರಡು ದಿನ ನಾಮನಿರ್ದೇಶನ, ಕುಟುಂಬ ನಿವೃತ್ತಿವೇತನಗಳ ಅರ್ಜಿ ತುಂಬಿಸುತ್ತೇನೆ. ಸಕ್ಕರೆ ಪೂರ್ತಿ ಇಳಿದಿಲ್ಲ, ಗುಳಿಗೆಯೂ ತಪ್ಪಿಲ್ಲ. ಆದರೆ ರಾತ್ರಿ ನಿದ್ರೆ ಬರುತ್ತದೆ.

ಹೋದ ವರ್ಷ ಗದಗದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಪತಿ ರೈಲ್ವೆಯಲ್ಲಿದ್ದವರು. ಪಾತ್ರೆ ತಿಕ್ಕಿ ತಿಕ್ಕಿ ಅವರ ಹತ್ತು ಬೆರಳುಗಳಲ್ಲಿ ಒಂದನ್ನೂ ಯಂತ್ರ ಗುರುತಿಸಲಿಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ದಾಖಲೆ ಸಲ್ಲಿಸಬಹುದು. ಅದಕ್ಕೆ ಕಣ್ಣು ಮಿಟುಕಿಸಬೇಕು. ಸೆರಗು ಸರಿಮಾಡಿಕೊಂಡು ಅವರು ಗಂಭೀರವಾಗಿ ಮಿಟುಕಿಸಿದರು. ಆಯಿತು ಎಂದಾಗ, "ಬರೂ ವರ್ಷನೂ ಇಲ್ಲೇ ಕುಂಡರ್ತೀ ಹೌದಿಲ್ಲೋ ತಮ್ಮಾ?" ಎಂದು ಕೇಳಿದರು.

ಈ ನವೆಂಬರಿನಲ್ಲಿಯೂ ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ವಾಚನಾಲಯದಲ್ಲಿರುತ್ತೇನೆ. ಬರುವವರು ಆಧಾರ್ ಚೀಟಿ, ನಿವೃತ್ತಿವೇತನ ಆದೇಶದ ಸಂಖ್ಯೆ, ಬ್ಯಾಂಕಿನ ಪಾಸ್‌ಪುಸ್ತಕ ಮತ್ತು ಮೊಬೈಲನ್ನು ತರಬೇಕು. ಕೇಂದ್ರ ಸರಕಾರದ ನಿವೃತ್ತರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಮೆಟ್ಟಿಲು ಹತ್ತಲಾಗದವರು ಹೇಳಿ ಕಳುಹಿಸಿದರೆ ನಾನೇ ಮನೆಗೆ ಬರುತ್ತೇನೆ.