ದೂರದ ಹಕ್ಕಿಗೆ ಎಷ್ಟು ಉದ್ದದ ಲೆನ್ಸ್?

ವನ್ಯಜೀವಿ ಛಾಯಾಗ್ರಹಣಕ್ಕೆ ಇಳಿದವರಿಗೆ ಬಹುಬೇಗ ಆಸೆ ಹುಟ್ಟಿಸುವ ವಸ್ತು ಟೆಲಿಕನ್ವರ್ಟರ್. ಅಂಗೈಯಲ್ಲಿ ಹಿಡಿಯುವ ಈ ಪುಟ್ಟ ಸಾಧನವನ್ನು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸಿದರೆ ಸಾಕು, 300 ಎಂಎಂ ಲೆನ್ಸು 1.4ಎಕ್ಸ್‌ನಲ್ಲಿ 420 ಆಗುತ್ತದೆ, 2ಎಕ್ಸ್‌ನಲ್ಲಿ 600. ಒಳ್ಳೆಯ 600 ಎಂಎಂ ಪ್ರೈಮ್ ಲೆನ್ಸಿಗೆ ಹಲವು ಲಕ್ಷ ಸುರಿಯಬೇಕಾದ ಕಾಲದಲ್ಲಿ ಇದು ಪುಕ್ಕಟೆಯಾಗಿಯೇ ಕಾಣುತ್ತದೆ.

ಆದರೆ ನಾವು ಬೆಲೆ ತೆರುವುದು ಬೆಳಕಿನಲ್ಲಿ. 1.4ಎಕ್ಸ್ ಅರ್ಧ ಬೆಳಕನ್ನು ತಿಂದುಹಾಕುತ್ತದೆ. 2ಎಕ್ಸ್ ಉಳಿಸುವುದು ಕಾಲುಭಾಗ ಮಾತ್ರ. ನಾಗರಹೊಳೆಯ ಮುಂಜಾನೆಯ ಮರದ ನೆರಳಿನಲ್ಲಿ ಐಎಸ್‌ಒ 3200ಕ್ಕೆ 1/500 ಸೆಕೆಂಡ್ ಶಟರ್ ವೇಗ ಸಿಗುತ್ತಿದೆ ಎನ್ನಿ. 2ಎಕ್ಸ್ ಹಾಕಿದ ಕೂಡಲೇ ಅದು 1/125ಕ್ಕೆ ಇಳಿಯುತ್ತದೆ. ಓಡುವ ಜಿಂಕೆಯನ್ನು ಆ ವೇಗದಲ್ಲಿ ಹಿಡಿದು ನಿಲ್ಲಿಸಲಾಗದು. ವೇಗ ಉಳಿಸಿಕೊಳ್ಳಲು ಐಎಸ್‌ಒ 12800ಕ್ಕೆ ಏರಿಸಿದರೆ ಕೂದಲಿನ ನವಿರು ಕಾಳುಕಾಳಾಗಿ ಕರಗುತ್ತದೆ.

ಹಾಗಾಗಿ ಎಫ್/2.8 ಅಥವಾ ಎಫ್/4ರ ಪ್ರೈಮ್ ಲೆನ್ಸಿಗೆ 1.4ಎಕ್ಸ್ ಧಾರಾಳವಾಗಿ ಹಾಕಬಹುದು. ಜನಪ್ರಿಯವಾದ 150-600 ಜೂಮ್‌ಗಳಿಗೆ ಬೇಡ. ತುದಿಯಲ್ಲಿ ಎಫ್/6.3 ಇರುವ ಅವು ಎಫ್/9ರ ಹತ್ತಿರಕ್ಕೆ ಜಾರುತ್ತವೆ. ಹಳೆಯ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಎಫ್/8 ದಾಟಿದರೆ ತಡಕಾಡುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳು ಈ ಗಡಿ ದಾಟಿವೆ. 2020ರಲ್ಲಿ ಕ್ಯಾನನ್ ಎಫ್/11ರ 800 ಎಂಎಂ ಲೆನ್ಸನ್ನೇ ತಂದಿತು. ಅದಕ್ಕೂ ಬಿಸಿಲು ಬೇಕು.

ಇನ್ನೊಂದು ದಾರಿ, ತೆಗೆದ ಚಿತ್ರದ ಅಂಚುಗಳನ್ನು ಆಮೇಲೆ ಕತ್ತರಿಸುವುದು. ಅದನ್ನು ನಮ್ಮಲ್ಲಿ ಅನೇಕರು ಕೀಳೆಂದು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 45 ಮೆಗಾಪಿಕ್ಸೆಲ್ ಚಿತ್ರವನ್ನು ಒಂದೂವರೆ ಪಟ್ಟು ಹತ್ತಿರ ತಂದಂತೆ ಕತ್ತರಿಸಿದರೂ ಸುಮಾರು 20 ಮೆಗಾಪಿಕ್ಸೆಲ್ ಉಳಿಯುತ್ತದೆ. 18 ಇಂಚು ಅಗಲದ ಒಳ್ಳೆಯ ಮುದ್ರಣಕ್ಕೆ ಅಷ್ಟು ಸಾಕು.

ಬೇಸಿಗೆಯ ಕಬಿನಿ ಹಿನ್ನೀರಿನಲ್ಲಿ ಇದ್ಯಾವುದೂ ನಡೆಯದು. ಆಚೆ ದಡದ ಆನೆಗೂ ನಮಗೂ ನಡುವಿನ ಗಾಳಿಯೇ ಬಿಸಿಯೇರಿ ನಡುಗುತ್ತಿರುತ್ತದೆ. ಲೆನ್ಸು ಉದ್ದವಾದಷ್ಟೂ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ. ನೆಲ ಕಾಯುವ ಮುಂಚೆ ಹೋಗಬೇಕು, ಅಷ್ಟೇ.

2ಎಕ್ಸ್‌ಗೆ ನಾನು ಮನಸಾರೆ ಒಪ್ಪುವುದು ಗೂಡಿನ ಮುಂದೆ. ಟಿಟ್ಟಿಭ ಬಯಲು ನೆಲದಲ್ಲೇ ಮೊಟ್ಟೆಯಿಡುತ್ತದೆ. ನಾವು ಹತ್ತಿರ ಹೋಗಿ ಅದು ಎದ್ದರೆ ಮೊಟ್ಟೆಗಳು ಉರಿಬಿಸಿಲಿಗೂ ಕಾಗೆಗೂ ಸಿಗುತ್ತವೆ. ಕಾವು ಕೂತ ಹಕ್ಕಿ ಅಲುಗಾಡುವುದು ಕಡಿಮೆ, ಆದ್ದರಿಂದ ನಿಧಾನದ ಶಟರ್ ಸಾಲುತ್ತದೆ. ಟ್ರೈಪಾಡ್ ಊರಿ, ದೂರದಲ್ಲೇ ಕೂತು ತೆಗೆಯಬಹುದು. ಅದು ಕೂಗಲು ಶುರುಮಾಡಿತೆಂದರೆ ಆ ದೂರವೂ ಸಾಲದು. ಇನ್ನೂ ಹಿಂದೆ ಸರಿಯಬೇಕು.