ಸರ್ಕಲ್ಲಿನಲ್ಲಿ ಮೊದಲು ಯಾರು?

ಚಿತ್ರದುರ್ಗದ ಗಾಂಧಿ ವೃತ್ತದಲ್ಲಿ ಬೆಳಗ್ಗೆ ಒಂಬತ್ತೂವರೆ ಎಂದರೆ ಶಾಲೆ, ಕಾಲೇಜು, ಕಚೇರಿ, ಆಸ್ಪತ್ರೆ, ಪೇಟೆ ವ್ಯಾಪಾರ ಎಲ್ಲವೂ ಒಟ್ಟಿಗೇ ರಸ್ತೆಗಿಳಿಯುವ ಹೊತ್ತು. ಬಿ.ಡಿ. ರಸ್ತೆಯಿಂದ ಖಾಸಗಿ ಬಸ್ಸೊಂದು ಬರುತ್ತದೆ. ಬಾಗಿಲಲ್ಲಿ ಜೋತುಬಿದ್ದ ಕ್ಲೀನರ್ ಅಂಗೈಯಲ್ಲಿ ತಗಡು ಬಡಿಯುತ್ತಾ ‘ರೈಟ್ ರೈಟ್’ ಅನ್ನುತ್ತಾನೆ. ಬಸ್ಸು ಮೂತಿ ತೂರಿಸುತ್ತದೆ. ಅದರ ಬಲಗಡೆಯಿಂದ, ಅಂದರೆ ಆಗಲೇ ಸರ್ಕಲ್ ಸುತ್ತುತ್ತಾ ಬರುತ್ತಿದ್ದ ಆಟೊ ಬ್ರೇಕ್ ಒತ್ತುತ್ತದೆ. ಆಟೊ ಹಿಂದಿದ್ದ ಬೈಕುಗಳು ಅದರ ಎರಡೂ ಮಗ್ಗುಲಿನಿಂದ ಮುಂದೆ ಬಂದು ಬಸ್ಸಿಗೆ ಅಡ್ಡ ನಿಲ್ಲುತ್ತವೆ. ಈಗ ಬಸ್ಸೂ ನಿಂತಿತು. ಅದರ ಹಿಂದೆ ಲಗೇಜ್ ಆಟೊ, ಶಾಲಾ ವ್ಯಾನು, ಅಡ್ಡಾದಿಡ್ಡಿ ನಿಂತ ಕಾರು. ಯಾರೂ ಅಲುಗಾಡುವಂತಿಲ್ಲ. ಕೊನೆಗೆ ಕ್ಲೀನರೇ ಕೆಳಗಿಳಿದು ಒಬ್ಬರಿಗೆ ಕೈ ಅಡ್ಡ ಹಿಡಿದು, ಇನ್ನೊಬ್ಬರಿಗೆ ಕೈ ಬೀಸಿ ಗಂಟು ಬಿಚ್ಚುತ್ತಾನೆ. ಇಷ್ಟೆಲ್ಲ ಆದರೂ ಯಾರೂ ಯಾರನ್ನೂ ಬೈಯಲಿಲ್ಲ. ಬೈಯುವುದಕ್ಕೆ ತಪ್ಪು ಯಾರದೆಂದು ಗೊತ್ತಿರಬೇಕಲ್ಲ.

ತಪ್ಪು ಬಸ್ಸಿನದು. 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಲ್ಲಿ ಇದಕ್ಕೆ ಎರಡು ಮಾತಿಲ್ಲ: ವೃತ್ತದೊಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು, ಹೊರಗಿನಿಂದ ಬರುವವರು ಕಾಯಬೇಕು. ಪಕ್ಕದ ನಿಲ್ದಾಣದಲ್ಲಿದ್ದ ಆಟೊ ಚಾಲಕರೊಬ್ಬರಿಗೆ ಇದನ್ನು ಹೇಳಿದೆ. ‘ನಮಗ್ ಗೊತ್ತಿದ್ರೆ ಏನ್ ಬಂತು ಸಾರ್, ಬಸ್ಸಿಗೆ ಗೊತ್ತಿರ್ಬೇಕಲ್ಲ’ ಎಂದು ನಕ್ಕರು. ನಮ್ಮೂರುಗಳ ಸರ್ಕಲ್ ಕಾನೂನು ಇದೇ: ದೊಡ್ಡದಕ್ಕೆ ಮೊದಲು ದಾರಿ, ಆಮೇಲೆ ಧೈರ್ಯ ಇದ್ದವರಿಗೆ.

ಒಳಗಿನವರಿಗೇ ಮೊದಲ ಹಕ್ಕು ಏಕೆ? ಅದು ಬರೀ ಮರ್ಯಾದೆಯ ಮಾತಲ್ಲ. ಒಳಗಿರುವವನು ನಿಂತರೆ ಅವನ ಹಿಂದಿನವರೂ ನಿಲ್ಲುತ್ತಾರೆ. ಆ ಸಾಲು ಬೆಳೆದು ಹಿಂದಿನ ರಸ್ತೆಯ ಬಾಯಿಗೆ ಅಡ್ಡ ಬರುತ್ತದೆ. ಆಗ ಅಲ್ಲಿ ಹೊರಬೀಳಬೇಕಾದವನಿಗೆ ದಾರಿಯಿಲ್ಲ. ಹೊರಬೀಳುವವನು ನಿಂತರೆ ಅವನ ಹಿಂದಿನವರಿಗೂ ದಾರಿಯಿಲ್ಲ. ಹೀಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಸರ್ಕಲ್ ತನ್ನ ಬಾಲವನ್ನು ತಾನೇ ಕಚ್ಚಿ ಹಿಡಿದಿರುತ್ತದೆ. ನಮ್ಮಂತೆ ಎಡಗಡೆ ಗಾಡಿ ಓಡಿಸುವ ಬ್ರಿಟನ್ನಿನವರೂ ಈ ಫಜೀತಿ ಪಟ್ಟು, 1966ರ ನವೆಂಬರಿನಲ್ಲಿ ‘ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ’ ಎಂಬ ನಿಯಮ ತಂದರು. ವೃತ್ತಗಳು ಅಲ್ಲಿ ನಿಜವಾಗಿ ಕೆಲಸ ಮಾಡತೊಡಗಿದ್ದು ಆಮೇಲೆ. ಪ್ಯಾರಿಸ್ಸಿನ ವಿಜಯ ಕಮಾನಿನ ಸುತ್ತ ಇರುವ ಹೆಸರಾಂತ ವೃತ್ತದಲ್ಲಿ ಮಾತ್ರ ಇಂದಿಗೂ ಒಳಬರುವವರಿಗೇ ಮೊದಲ ಹಕ್ಕು. ನಮ್ಮ ಗಾಂಧಿ ವೃತ್ತ ತನಗೇ ತಿಳಿಯದಂತೆ ಪ್ಯಾರಿಸ್ ಪದ್ಧತಿ ಹಿಡಿದಿದೆ ಅನ್ನಬೇಕು.

ಬಿ.ಡಿ. ರಸ್ತೆ ಎಂದರೆ ಬೆಂಗಳೂರು–ದಾವಣಗೆರೆ ರಸ್ತೆ. ಬೈಪಾಸ್ ಆಗುವ ಮುಂಚೆ ಹೆದ್ದಾರಿಯ ಲಾರಿಗಳೆಲ್ಲ ಊರ ಹೊಟ್ಟೆಯೊಳಗಿಂದಲೇ ಹೋಗುತ್ತಿದ್ದವು. ಈಗ ಆ ಲಾರಿಗಳು ಹೊರಗಿವೆ, ಆದರೆ ರಸ್ತೆಯ ನೇರ ಹಾಗೇ ಉಳಿದಿದೆ. ನೇರ ಬಂದ ರಸ್ತೆ ವೃತ್ತಕ್ಕೆ ತಾಗುತ್ತದೆ, ವೃತ್ತ ಮುಗಿದ ಮೇಲೆ ಮತ್ತೆ ನೇರ ಹೋಗುತ್ತದೆ. ಚಾಲಕನ ಕಣ್ಣಿಗೆ ನಡುವಿನ ಕಟ್ಟೆ ಒಂದು ಅಡ್ಡಿ, ಅಷ್ಟೇ. ಅದನ್ನು ಸವರಿಕೊಂಡು ದಾಟಿದರಾಯಿತು. ಬೈಕಿನವರಂತೂ ಬಲಕ್ಕೆ ಹೋಗಬೇಕಾದರೆ ಪೂರಾ ಸುತ್ತು ಹಾಕದೆ, ಕಟ್ಟೆಯ ಈಚೆಯಿಂದಲೇ ಎದುರು ದಿಕ್ಕಿನಲ್ಲಿ ನುಸುಳಿಬಿಡುತ್ತಾರೆ. ಕಟ್ಟೆ ದೊಡ್ಡದಾದಷ್ಟೂ ಈ ಕಳ್ಳದಾರಿ ಹೆಚ್ಚು. ಸುತ್ತು ಉದ್ದವಾದರೆ ಆಸೆ ಹುಟ್ಟುವುದು ಸಹಜ. ದಂಡ ಹಾಕಿ ಎಷ್ಟು ಜನರನ್ನು ತಡೆಯುತ್ತೀರಿ?

ಈ ಊರಿನಲ್ಲಿ ನಿಂತು ರಸ್ತೆ ವಿನ್ಯಾಸದ ಪಾಠ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಿಲ್ಲ. ಏಳು ಸುತ್ತಿನ ಕೋಟೆಯ ಬಾಗಿಲುಗಳ ಹತ್ತಿರ ನಡೆದು ನೋಡಿ. ದಾರಿ ನೇರ ಹೋಗಿ ಬಾಗಿಲಿಗೆ ಮುಟ್ಟುವುದಿಲ್ಲ. ಗೋಡೆಯನ್ನು ಬಳಸಿ, ಒಮ್ಮೆ ಈಚೆ ಒಮ್ಮೆ ಆಚೆ ತಿರುಗಿದ ಮೇಲೆ ಬಾಗಿಲು ಕಣ್ಣಿಗೆ ಬೀಳುತ್ತದೆ. ಆನೆ ಓಡಿಬಂದು ಗುದ್ದಲು ಜಾಗವಿಲ್ಲ, ಕುದುರೆಗೆ ಓಟ ಹತ್ತುವುದಿಲ್ಲ. ಕೋಟೆ ಕಟ್ಟಿದವರು ‘ನಿಧಾನವಾಗಿ ಬನ್ನಿ’ ಎಂದು ಫಲಕ ಬರೆಸಲಿಲ್ಲ, ದಾರಿಯನ್ನೇ ಬಗ್ಗಿಸಿದರು. ಒಳ್ಳೆಯ ವೃತ್ತದ ಗುಟ್ಟೂ ಇದೇ. ರಸ್ತೆ ವೃತ್ತಕ್ಕೆ ಸೇರುವ ಬಾಯಲ್ಲಿ ಎಡಕ್ಕೆ ಒಂದು ಬಾಗು ಕೊಡಬೇಕು, ಬಾಯಿಯನ್ನು ಕಿರಿದು ಮಾಡಬೇಕು. ಎಷ್ಟು ಅವಸರದ ಚಾಲಕನೂ ಅಲ್ಲಿ 30 ಕಿ.ಮೀ. ವೇಗಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ಗಾಡಿ ತಿರುಗುವುದಿಲ್ಲ. ವೇಗ ಇಳಿದರೆ ಒಳಗಿರುವವನ ಮುಖ ಕಾಣುತ್ತದೆ, ದಾರಿ ಬಿಡುವ ಮನಸ್ಸೂ ಬರುತ್ತದೆ.

ನಾವು ಮಾಡುವುದು ಇದರ ತಿರುವುಮುರುವು. ಹಣವೆಲ್ಲ ನಡುವಿನ ಕಟ್ಟೆಗೆ ಹೋಗುತ್ತದೆ: ಗ್ರಾನೈಟು, ಗ್ರಿಲ್ಲು, ಕಾರಂಜಿ, ಹೈಮಾಸ್ಟ್ ದೀಪ. ಜಯಂತಿ ಬಂದರೆ ಪ್ರತಿಮೆಗೆ ಹಾರ ಹಾಕಲು ಜನ, ಪ್ರತಿಭಟನೆ ಎಂದರೆ ಮಾನವ ಸರಪಳಿ, ಹಬ್ಬ ಬಂದರೆ ಫ್ಲೆಕ್ಸು. ಸಾರ್ವಜನಿಕ ರಸ್ತೆಗಳಲ್ಲಿ ಹೊಸದಾಗಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ನನ್ನ ತಕರಾರು ಪ್ರತಿಮೆಯ ಮೇಲಲ್ಲ. ನಡುವೆ ಎತ್ತರದ್ದೇನಾದರೂ ಇದ್ದರೆ ದೂರದಿಂದಲೇ ‘ಇಲ್ಲಿ ರಸ್ತೆ ಮುಗಿಯಿತು, ನಿಧಾನ’ ಎಂದು ಚಾಲಕನಿಗೆ ತಿಳಿಯುತ್ತದೆ, ಅದು ಒಳ್ಳೆಯದೇ. ಆದರೆ ಕಟ್ಟೆಯ ಅಂಚಿನ ಫ್ಲೆಕ್ಸು ಬಲಗಡೆಯಿಂದ ಬರುವ ಬೈಕನ್ನು ಮರೆಮಾಡಿದರೆ, ನೋಡಿ ದಾರಿ ಬಿಡು ಎಂದು ಯಾರಿಗೆ ಹೇಳುವುದು?

ಇದೇ ಜಿಲ್ಲೆಯ ಹಿರಿಯೂರಿನ ಕಥೆ ಬೇರೆ. ಅಲ್ಲಿ ತೊಂದರೆ ಹೆದ್ದಾರಿಯಿಂದಲೇ ಬರುತ್ತದೆ. ಬೆಂಗಳೂರು–ಪುಣೆಯ 48ನೇ ಹೆದ್ದಾರಿ ಊರ ಮಗ್ಗುಲಲ್ಲಿ ಹೋಗುತ್ತದೆ. ಜೇವರ್ಗಿಯಿಂದ ಬಳ್ಳಾರಿ, ಚಳ್ಳಕೆರೆ ಮೇಲೆ ಬಂದು ಹುಳಿಯಾರಿನ ಕಡೆಗೆ, ಮುಂದೆ ಚಾಮರಾಜನಗರದ ತನಕ ಹೋಗುವ 150ಎ ಹೆದ್ದಾರಿಯೂ ಇಲ್ಲೇ ಹಾಯುತ್ತದೆ. ನಡುವೆ ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ತನಕ ಕಾನೂನಿನ ಒಪ್ಪಿಗೆಯಿದೆ. ಒಂದು ತಾಸು ಆ ವೇಗದಲ್ಲಿ ಬಂದವರಿಗೆ 60 ಎಂದರೆ ತೆವಳಿದಂತೆ. ಹೆದ್ದಾರಿ ಇಳಿದು ಟಿ.ಬಿ. ಸರ್ಕಲ್ ಕಡೆಗೆ ಬರುವ ಬೇರೆ ಜಿಲ್ಲೆ, ಬೇರೆ ರಾಜ್ಯದ ಕಾರುಗಳನ್ನು ನೋಡಿ: ಚಾಲಕ ನಿಧಾನಿಸಿದ್ದೇನೆ ಎಂದೇ ಅಂದುಕೊಂಡಿರುತ್ತಾನೆ. ಅವನ ಕಣ್ಣು ಇನ್ನೂ ಹೆದ್ದಾರಿಯಲ್ಲೇ ಇರುತ್ತದೆ. ಡಿಪ್ ಹೊಡೆಯುತ್ತಾನೆ. ದೀಪ ಮಿನುಗಿಸಿದರೆ ನಮ್ಮಲ್ಲಿ ‘ನಾನು ಬಂದೆ, ನೀನು ನಿಲ್ಲು’ ಎಂದರ್ಥ. ಬ್ರಿಟನ್ನಿನ ರಸ್ತೆಯಲ್ಲಿ ಅದೇ ದೀಪಕ್ಕೆ ‘ನೀನು ಮೊದಲು ಹೋಗು’ ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು.

ಇಂಥ ಕಡೆ ಹಂಪು ಹಾಕಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಬಣ್ಣ ಮಾಸಿದ ಹಂಪು ರಾತ್ರಿ ಬೈಕಿನವನ ಸೊಂಟ ಮುರಿಯುತ್ತದೆ, ಲಾರಿಗೆ ಲೆಕ್ಕಕ್ಕೇ ಇಲ್ಲ. ಅದರ ಬದಲು ಊರು ಸೇರುವ ಮುನ್ನ ಹಂತ ಹಂತವಾಗಿ ರಸ್ತೆ ಕಿರಿದಾಗುತ್ತಾ, ಬಾಗುತ್ತಾ ಬಂದರೆ ಚಾಲಕನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಎದ್ದಿರುತ್ತದೆ.

ವೃತ್ತದಲ್ಲಿ ಎರಡು–ಮೂರು ಗಾಡಿಗಳು ಜೊತೆಯಾಗಿ ಸುತ್ತುವಷ್ಟು ಅಗಲವಿದ್ದರೆ ಇನ್ನೊಂದು ಪೇಚು. ನಿಯಮದ ಪ್ರಕಾರ ಎಡಕ್ಕೆ ಹೋಗುವವರು ಎಡ ಸಾಲಿನಲ್ಲಿ, ಬಲಕ್ಕೆ ಅಥವಾ ಯು ಟರ್ನ್‌ಗೆ ಹೋಗುವವರು ಒಳಗಿನ ಸಾಲಿನಲ್ಲಿ ಇರಬೇಕು. ಸಾಲನ್ನು ವೃತ್ತಕ್ಕೆ ಬರುವ ಮೊದಲೇ ಆರಿಸಿಕೊಂಡಿರಬೇಕು. ನಾವು ಆರಿಸುವುದು ಒಳಗೆ ಬಂದ ಮೇಲೆ. ಒಳಸಾಲಿನವನು ತಟ್ಟನೆ ಎಡಕ್ಕೆ ಕತ್ತರಿಸಿ ಹೊರಬೀಳುತ್ತಾನೆ, ಹೊರಸಾಲಿನಲ್ಲಿ ಇನ್ನೂ ಸುತ್ತುತ್ತಿರುವ ಸ್ಕೂಟರಿನವಳು ಬ್ರೇಕ್ ಹಿಡಿದು ಕಾಲು ಊರುತ್ತಾಳೆ. ಮಾಮೂಲಿ ನಾಲ್ಕು ದಾರಿ ಕೂಡುವಲ್ಲಿ ವಾಹನಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳು 32, ಒಂದೇ ಸಾಲಿನ ವೃತ್ತದಲ್ಲಿ 8. ಅಮೆರಿಕದಲ್ಲಿ ವೃತ್ತಗಳಾಗಿ ಬದಲಾಯಿಸಿದ 24 ಕೂಡುರಸ್ತೆಗಳ ಲೆಕ್ಕ ಹಾಕಿದಾಗ ಗಾಯವಾಗುವಂಥ ಅಪಘಾತಗಳು ಮುಕ್ಕಾಲು ಪಾಲು ಇಳಿದಿದ್ದವು. ಆದರೆ ಸಾಲು ಹೆಚ್ಚಾದಂತೆ ಈ ಲಾಭ ಕರಗುತ್ತದೆ. ಇದಕ್ಕೆ ಮದ್ದೆಂದು ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಲ್ಯಾಂಬರ್ಟಸ್ ಫೋರ್ಟೈನ್ 1996ರಲ್ಲಿ ‘ಟರ್ಬೊ’ ವೃತ್ತ ರೂಪಿಸಿದರು. ಅಲ್ಲಿ ಸಾಲುಗಳ ನಡುವೆ ಸಣ್ಣ ಏರು ಇರುತ್ತದೆ, ಒಳಗೆ ಬಂದ ಮೇಲೆ ಸಾಲು ಬದಲಿಸುವಂತಿಲ್ಲ. ಜಾಣತನದ ಉಪಾಯ, ಒಪ್ಪೋಣ. ಆದರೆ ಅರ್ಧಕ್ಕರ್ಧ ಬೈಕುಗಳೇ ಇರುವ ನಮ್ಮ ರಸ್ತೆಗೆ ಆ ಏರು ಬೇಡ. ಮಳೆಯಲ್ಲಿ ಚಕ್ರ ತಾಗಿದರೆ ಉರುಳುವುದೇ. ಕಡುಬಣ್ಣದ ಬಾಣ, ಗೆರೆ ಸಾಕು, ವರ್ಷಕ್ಕೊಮ್ಮೆ ಮತ್ತೆ ಬಳಿದರೆ.

ಹಿರಿಯೂರಿನಿಂದ ಮುಂದೆ ಹೊಸದುರ್ಗಕ್ಕೆ ಹೋಗೋಣ.

ಹೊಸದುರ್ಗದಲ್ಲಿ ವೇಗದ ತಾಪತ್ರಯವಿಲ್ಲ, ನಿಲ್ಲುವುದೇ ತಾಪತ್ರಯ. ತೆಂಗಿನಕಾಯಿ ತುಂಬಿದ ಲಾರಿ, ಕೊಬ್ಬರಿ ಚೀಲದ ಟೆಂಪೊ, ಹಳ್ಳಿಗಳಿಗೆ ಹೊರಟ ಖಾಸಗಿ ಬಸ್ಸು ಎಲ್ಲಕ್ಕೂ ಸರ್ಕಲ್ ಬಾಯೇ ಬೇಕು. ‘ಹೋಲ್ಡಾನ್’ ಅಂದ ತಕ್ಷಣ ಬಸ್ಸು ನಿಲ್ಲುವುದು ವೃತ್ತ ದಾಟಿದ ಮರುಗಳಿಗೆಯಲ್ಲೇ, ಅಂದರೆ ಹೊರಬೀಳುವ ದಾರಿಗೆ ಸರಿಯಾಗಿ ಬಿರಡೆ ಹಾಕಿದಂತೆ. ಕಂಡಕ್ಟರನ್ನು ದೂರಿ ಏನು ಬಂತು? ಜನ ನಿಂತಿರುವುದೇ ಅಲ್ಲಿ. ಜನ ಅಲ್ಲಿ ನಿಂತಿರುವುದು ನೆರಳು, ಚಹಾ, ಹೂವು, ಆಟೊ ಎಲ್ಲ ಅಲ್ಲೇ ಇರುವುದರಿಂದ. ನಿಲ್ದಾಣವನ್ನು ಐವತ್ತು–ಅರವತ್ತು ಮೀಟರ್ ಮುಂದಕ್ಕೆ ಒಯ್ದು, ನೆರಳನ್ನೂ ಅಲ್ಲಿಗೇ ಒಯ್ದರೆ ಜನ ಹೋಗುತ್ತಾರೆ. ಬರೀ ಫಲಕ ಒಯ್ದರೆ ಹೋಗುವುದಿಲ್ಲ. ರಸ್ತೆ ದಾಟುವ ಪಟ್ಟೆಯೂ ವೃತ್ತದ ಅಂಚಿನಲ್ಲೇ ಇರಬಾರದು, ಒಂದು ಕಾರಿನಷ್ಟು ಹಿಂದಿರಬೇಕು. ಆಗ ಚಾಲಕ ಮೊದಲು ನಡೆಯುವವರನ್ನು ನೋಡುತ್ತಾನೆ, ಅವರನ್ನು ದಾಟಿಸಿ ಮುಂದೆ ಬಂದು ಬಲಗಡೆ ನೋಡುತ್ತಾನೆ. ಎರಡನ್ನೂ ಒಂದೇ ಉಸಿರಿಗೆ ನೋಡು ಎಂದರೆ ಯಾವುದನ್ನೂ ನೋಡುವುದಿಲ್ಲ.

ಹೊಳಲ್ಕೆರೆಯಲ್ಲಿ ಬಯಲ ಗಣಪತಿಗೆ ಕೈಮುಗಿದು ಹೊರಡುವ ಕಾರುಗಳು ಒಂದು ಕಡೆ, ಚಿತ್ರದುರ್ಗ–ಶಿವಮೊಗ್ಗ ಹೆದ್ದಾರಿಯ ಲಾರಿಗಳು ಇನ್ನೊಂದು ಕಡೆ. ಅಡಿಕೆಯ ಸೀಮೆ ಇದು, ಅದಿರಿನ ಲಾರಿಗಳೂ ಓಡಾಡುತ್ತವೆ. ಜಿಲ್ಲೆಯ ಗುಡ್ಡಗಳಿಗೆ ಗಾಳಿಯಂತ್ರದ ರೆಕ್ಕೆ ಹೊತ್ತೊಯ್ಯುವ ಟ್ರೇಲರುಗಳನ್ನು ಈ ಭಾಗದವರೆಲ್ಲ ನೋಡಿದ್ದಾರೆ. ಉದ್ದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಅದಕ್ಕೆಂದೇ ಸಣ್ಣ ಊರಿನ ವೃತ್ತದಲ್ಲಿ ಕಟ್ಟೆಯನ್ನು ಚಿಕ್ಕದಾಗಿಸಿ ಅದರ ಸುತ್ತ ತಗ್ಗಾದ ಕಲ್ಲುಹಾಸಿನ ಪಟ್ಟಿ ಬಿಡುತ್ತಾರೆ. ಲಾರಿಯ ಚಕ್ರ ಅದರ ಮೇಲೆ ಹತ್ತಿ ಇಳಿಯುತ್ತದೆ, ಕಾರಿನವನು ಗಡಗಡ ಅನ್ನುವುದಕ್ಕೆ ಹೆದರಿ ಹತ್ತುವುದಿಲ್ಲ. ಇದೊಂದು ಗೊತ್ತಿಲ್ಲದೆ ‘ಲಾರಿ ತಿರುಗಲ್ಲ’ ಎಂದು ಎಷ್ಟೋ ಊರುಗಳಲ್ಲಿ ಇದ್ದ ವೃತ್ತವನ್ನೇ ಕಿತ್ತು ಬಯಲು ಮಾಡಿದ್ದಾರೆ.

ವೃತ್ತ ಎಲ್ಲ ಕಡೆಗೂ ಮದ್ದಲ್ಲ ಎಂಬುದೂ ನಿಜ. ಎಲ್ಲ ದಿಕ್ಕಿನಿಂದ ಸೇರಿ ಗಂಟೆಗೆ 3000 ವಾಹನ ದಾಟಿದರೆ ಅದು ತಾಳಲಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1976ರ ತನ್ನ 65ನೇ ಕೈಪಿಡಿಯಲ್ಲೇ ಹೇಳಿತ್ತು. 2017ರಲ್ಲಿ ಆ ಕೈಪಿಡಿ ಹೊಸದಾಗಿ ಬಂತು. ಚಂಡೀಗಢದ ದೊಡ್ಡ ವೃತ್ತಗಳಲ್ಲಿ ಎಷ್ಟೋ ಕಡೆ ಸಿಗ್ನಲ್ ಬಂದಿದೆ. ಬೆಂಗಳೂರಿನ ಸರ್ಕಲ್ಲುಗಳು ಹೆಸರಿಗಷ್ಟೇ ಸರ್ಕಲ್ಲುಗಳು. ಮೈಸೂರಿನಲ್ಲಿ ಅರಮನೆಯ ಆಸುಪಾಸಿನ ವೃತ್ತಗಳಲ್ಲಿ ಗಾಡಿಗಳು ಇನ್ನೂ ಸುತ್ತುತ್ತವೆ. ನಮ್ಮ ಹೊಸದುರ್ಗ, ಹೊಳಲ್ಕೆರೆಗಳು ಬೆಂಗಳೂರಾಗುವ ಮೊದಲು ಮೈಸೂರಿನಂತಾದರೂ ಆಗಲಿ. ಇದು ಬರೀ ಅನುಕೂಲದ ಮಾತಲ್ಲ: 2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 11,702 ಜನ.

ಪುರಸಭೆ, ನಗರಸಭೆ, ಲೋಕೋಪಯೋಗಿ ಇಲಾಖೆಯವರಲ್ಲಿ ಕೇಳುವುದಿಷ್ಟೇ. ಮುಂದಿನ ಸಲ ಸರ್ಕಲ್ ಅಭಿವೃದ್ಧಿಗೆ ಅಂದಾಜುಪಟ್ಟಿ ಬರೆಯುವಾಗ ಗ್ರಾನೈಟಿನ ಸಾಲಿಗೆ ಮೊದಲು ಮೂರು ಬಾಬ್ತು ಬರೆಯಿರಿ: ಬಾಯಿಗಳ ಬಾಗು, ದಾರಿ ಬಿಡುವ ಗೆರೆ, ಕೆಂಪು ಅಂಚಿನ ತಲೆಕೆಳಗಾದ ತ್ರಿಕೋನದ ಫಲಕ. ಗಾಡಿ ಓಡಿಸುವ ನಾವು ಅಲ್ಲಿಯ ತನಕ ಕಾಯಬೇಕಿಲ್ಲ. ಸರ್ಕಲ್ ಬಂದಾಗ ಬಲಗಡೆ ನೋಡಿ, ಒಳಗಿರುವವರನ್ನು ಬಿಡಿ, ಹೊರಬೀಳುವ ಮುನ್ನ ಎಡ ಇಂಡಿಕೇಟರ್ ಹಾಕಿ.