ಹಿಮದ ನಾಡಿನ ತ್ರೀ ನಾಟ್ ತ್ರೀ

ನಮ್ಮ ಕಡೆ ‘ತ್ರೀ ನಾಟ್ ತ್ರೀ’ ಎಂದರೆ ಸಾಕು, ಖಜಾನೆಯ ಬಾಗಿಲಲ್ಲೋ ಮತಗಟ್ಟೆಯ ಮುಂದೋ ನಿಂತ ಪೇದೆಯ ಹೆಗಲು ಕಣ್ಣಿಗೆ ಕಟ್ಟುತ್ತದೆ. ಕಂದು ಮರದ ಮೈ, ಉದ್ದನೆಯ ನಳಿಗೆ, ಹೊತ್ತವರ ಭುಜವನ್ನು ಬಗ್ಗಿಸುವ ನಾಲ್ಕು ಕಿಲೋ ತೂಕ. ಅದರದೇ ಒಡಹುಟ್ಟೊಂದು ಕೆನಡಾದ ಉತ್ತರ ತುದಿಯಲ್ಲಿ, ಹಿಮಗಡಲಿನ ಅಂಚಿನ ಊರುಗಳಲ್ಲಿ, ಎಪ್ಪತ್ತು ವರ್ಷ ಬೇರೆಯದೇ ಬಾಳು ಬಾಳಿತು. ನಮ್ಮಲ್ಲಿ ಕಾವಲು ನಿಂತ ರೈಫಲ್ಲು ಅಲ್ಲಿ ಮನೆಯ ಕತ್ತಿ, ಹಾರೆಗಳಂತೆ ದುಡಿದು ಸವೆಯಿತು.

ಅದರ ಪೂರ್ತಿ ಹೆಸರು ಲೀ-ಎನ್‌ಫೀಲ್ಡ್. ಯಂತ್ರಭಾಗವನ್ನು ರೂಪಿಸಿದವನು ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಗಾಲ್ಟ್ ಎಂಬ ಊರಿನಲ್ಲಿ ಬೆಳೆದವನು. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಕಾರ್ಖಾನೆಯ ಊರು. 1895ರಲ್ಲಿ ಬ್ರಿಟಿಷ್ ಸೇನೆ ಇದನ್ನು ಕೈಗೆತ್ತಿಕೊಂಡಿತು. ನಳಿಗೆಯ ಒಳಅಳತೆ 0.303 ಇಂಚು, ಅದೇ ನಮ್ಮ ಬಾಯಲ್ಲಿ ತ್ರೀ ನಾಟ್ ತ್ರೀ. ಭಾರತದಲ್ಲಿ ಈ ವಂಶ ಬೆಳೆದದ್ದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ. ಕೆನಡಾದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಟೊರಾಂಟೊ ಪಕ್ಕದ ಲಾಂಗ್ ಬ್ರಾಂಚ್ ಕಾರ್ಖಾನೆ ‘ನಂಬರ್ 4’ ಮಾದರಿಯನ್ನು ಲಕ್ಷಗಟ್ಟಲೆ ತಯಾರಿಸಿತು. ಯುದ್ಧ ಮುಗಿಯಿತು, ರೈಫಲ್ಲುಗಳು ರಾಶಿ ಬಿದ್ದವು.

1947ರಲ್ಲಿ ಅವಕ್ಕೆ ಹೊಸ ಒಡೆಯರು ಸಿಕ್ಕರು. ಮನುಷ್ಯಸಂಚಾರವೇ ವಿರಳವಾದ ಉತ್ತರದ ಮೇಲೆ ಕಣ್ಣಿಡಲು ಕೆನಡಾ ಸರ್ಕಾರ ‘ಕೆನಡಿಯನ್ ರೇಂಜರ್ಸ್’ ಎಂಬ ಮೀಸಲು ಪಡೆಯನ್ನು ಕಟ್ಟಿತು. ಇಂದು ಇನ್ನೂರಕ್ಕೂ ಹೆಚ್ಚು ಊರುಗಳಲ್ಲಿ ಸುಮಾರು 5,000 ರೇಂಜರುಗಳಿದ್ದಾರೆ. ಆರ್ಕ್ಟಿಕ್ ಭಾಗದಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿ ಇನ್ಯೂಟ್ ಜನ. ಇವರು ಬ್ಯಾರಕ್ಕಿನ ಸಿಪಾಯಿಗಳಲ್ಲ. ತಮ್ಮ ಊರಿನಲ್ಲೇ ಇದ್ದು ಬೇಟೆ, ಮೀನುಗಾರಿಕೆ ಮಾಡಿಕೊಂಡಿರುವವರು. ಹಿಮದಲ್ಲಿ ಕಳೆದುಹೋದವರನ್ನು ಹುಡುಕುವುದು, ದಕ್ಷಿಣದಿಂದ ಬಂದ ಸೈನಿಕರಿಗೆ ದಾರಿ ತೋರಿ ಬದುಕಿ ಉಳಿಯುವುದನ್ನು ಕಲಿಸುವುದು ಇವರ ಕೆಲಸ. ಕೆಂಪು ಅಂಗಿಯೊಂದು, ಲೀ-ಎನ್‌ಫೀಲ್ಡ್ ಒಂದು, ಒಂದಿಷ್ಟು ತೋಟಾ: ಬಹುಕಾಲ ಇಷ್ಟೇ ಇವರ ಗುರುತಾಗಿತ್ತು.

ಸರ್ಕಾರ ಕೊಟ್ಟ ರೈಫಲ್ಲು ಪೆಟ್ಟಿಗೆಯಲ್ಲಿ ಮಲಗಲಿಲ್ಲ. ಕ್ಯಾರಿಬೂ ಎಂಬ ಹಿಮಸಾರಂಗದ ಹಿಂಡು ಬಂದಾಗ ಅದೇ, ಹಿಮಕರಡಿ ಬಿಡಾರದ ಹತ್ತಿರ ಸುಳಿದಾಗಲೂ ಅದೇ. ಮರವೇ ಬೆಳೆಯದ ಆ ನೆಲದಲ್ಲಿ ಬೇಸಾಯದ ಮಾತಿಲ್ಲ. ಅಂಗಡಿಯ ಸಾಮಾನು ದೂರದಿಂದ ವಿಮಾನದಲ್ಲೋ, ಬೇಸಿಗೆಯ ಹಡಗಿನಲ್ಲೋ ಬರಬೇಕು. ಅದರ ಬೆಲೆ ಕೈಸುಡುತ್ತದೆ. ಸೀಲ್, ಕ್ಯಾರಿಬೂ, ವಾಲ್ರಸ್ ಮಾಂಸ ಅಲ್ಲಿಯವರಿಗೆ ನಮ್ಮ ರಾಗಿ, ಅಕ್ಕಿ ಇದ್ದ ಹಾಗೆ. ಬೇಟೆ ಸಿಕ್ಕರೆ ಬಂಧುಗಳಿಗೆ, ವಯಸ್ಸಾದವರಿಗೆ ಪಾಲು ಹೋಗುತ್ತದೆ. ರೈಫಲ್ಲು ಅಲ್ಲಿ ಒಂದು ಊರಿನ ಅನ್ನದ ಹಾದಿ.

ಚಳಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿದಾಗ ನಾಜೂಕಿನ ಯಂತ್ರಗಳು ಕೈಕೊಡುತ್ತವೆ. ಇದು ಕೊಡಲಿಲ್ಲ. ಕಂದಕದ ಕೆಸರಿನಲ್ಲೂ ನಡೆಯುವಷ್ಟು ಇದರ ಬಿಡಿಭಾಗಗಳ ನಡುವೆ ತುಸು ಸಡಿಲವಿತ್ತು. ಆ ಸಡಿಲವೇ ಹಿಮದ ಪುಡಿ ಸೇರಿದಾಗಲೂ ಬೋಲ್ಟು ಸಿಕ್ಕಿಕೊಳ್ಳದಂತೆ ಕಾಯಿತು. ಗುರಿ ನೋಡಲು ಬರಿ ಲೋಹದ ಕಿಂಡಿ ಇರುವುದರಿಂದ ಮಂಜು ಕವಿಯಲು ಗಾಜೇ ಇಲ್ಲ. ಕೊರೆಯುವ ಲೋಹ ಬರಿಗೈಗೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ. ಇಲ್ಲಿ ಹಿಡಿಯಲು ಮರವಿದೆ. ಹತ್ತು ತೋಟಾ ಒಮ್ಮೆಗೆ ತುಂಬಿಕೊಳ್ಳುವುದರಿಂದ ಕರಡಿ ಎದುರಾದಾಗ ಎರಡನೇ ಈಡಿಗೆ ತಡಕಾಡಬೇಕಿಲ್ಲ.

ಬಳಸುವವರ ಜಾಣ್ಮೆ ಇದಕ್ಕೂ ಮಿಗಿಲು. ಕೋವಿಗೆ ಎಣ್ಣೆ ಹಚ್ಚಬೇಕೆಂಬುದು ನಮ್ಮ ಪಾಠ. ಅಲ್ಲಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಕೋವಿಯ ಕುದುರೆಯನ್ನೇ (ಟ್ರಿಗರ್) ಹಿಡಿದುಬಿಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ಎಣ್ಣೆಯ ಪಸೆಯೂ ಉಳಿಯದಂತೆ ಒರೆಸುತ್ತಾರೆ. ಹೊರಗಿನಿಂದ ಬಂದವನು ಕೋವಿಯನ್ನು ಬೆಚ್ಚಗಿನ ಡೇರೆಯೊಳಗೆ ಜೋಪಾನ ಮಾಡುತ್ತಾನೆ. ಬಲ್ಲವನು ಹೊರಗೆ, ಚಳಿಯಲ್ಲೇ ಬಿಡುತ್ತಾನೆ. ತಣ್ಣನೆಯ ಕಬ್ಬಿಣ ಬೆಚ್ಚನೆಯ ಗಾಳಿ ತಾಗಿದರೆ ಬೆವರುತ್ತದೆ. ಮತ್ತೆ ಹೊರಗೊಯ್ದರೆ ಆ ಬೆವರು ಮಂಜುಗಡ್ಡೆಯಾಗಿ ಯಂತ್ರ ಕಚ್ಚಿಕೊಳ್ಳುತ್ತದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಕೊಡಗಿನವರಿಗೆ ಈ ಕಾಳಜಿ ಹೊಸದೆನಿಸಲಾರದು.

ಇಷ್ಟಾದರೂ ಕೋವಿ ಅಲ್ಲಿ ಹಳೆಯದನ್ನೆಲ್ಲ ಮೂಲೆಗೆ ತಳ್ಳಲಿಲ್ಲ. ಬೇಸಿಗೆಯ ಹೊತ್ತಿಗೆ ಸೀಲಿನ ಮೈಕೊಬ್ಬು ಕರಗಿರುತ್ತದೆ, ಕರಗಿದ ಹಿಮ ಸೇರಿ ಸಮುದ್ರದ ಮೇಲ್ನೀರಿನ ಉಪ್ಪು ತಗ್ಗಿರುತ್ತದೆ. ಗುಂಡು ತಗುಲಿದ ಸೀಲು ತೇಲದೆ ಮುಳುಗಿಬಿಡುತ್ತದೆ. ಅದು ಕೈತಪ್ಪುವ ಮೊದಲು ಹಗ್ಗ ಕಟ್ಟಿದ ಈಟಿ ನಾಟಬೇಕು. ಅಜ್ಜಂದಿರ ಈಟಿಯ ವಿದ್ಯೆ ಬಾರದವನಿಗೆ ಎಂಥ ರೈಫಲ್ಲು ಇದ್ದರೂ ಮಾಂಸ ಮನೆ ಸೇರದು.

ಆಯುಧಕ್ಕಿಂತ ಅರಿವು ದೊಡ್ಡದೆಂಬುದಕ್ಕೆ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಇನ್ನೊಂದು ಸಾಕ್ಷಿಯಿದೆ. 1953ರ ಮೇ ತಿಂಗಳಲ್ಲಿ, ಸ್ಲೇವ್ ಲೇಕ್ ಬಳಿಯ ಕಾಡಿನಲ್ಲಿ, ಕ್ರೀ ಬುಡಕಟ್ಟಿನ ಬೆಲ್ಲಾ ಟ್ವಿನ್ ಎಂಬ ಮಹಿಳೆಗೆ ಭಾರಿ ಗ್ರಿಜ್ಲಿ ಕರಡಿ ಎದುರಾಯಿತು. ಆಕೆಯ ಕೈಲಿದ್ದದ್ದು ಮೊಲ, ಹಕ್ಕಿಗೆ ಸಾಲುವ, ಒಂದೊಂದೇ ತೋಟಾ ತುಂಬುವ .22 ರೈಫಲ್ಲು. ಎಲ್ಲಿ ಹೊಡೆಯಬೇಕೆಂದು ಆಕೆಗೆ ಗೊತ್ತಿತ್ತು. ಆಕೆ ಉರುಳಿಸಿದ ಆ ಕರಡಿ ಅಂದಿಗೆ ವಿಶ್ವದಾಖಲೆಯಾಯಿತು.

ಎಷ್ಟೇ ಗಟ್ಟಿಯಾದರೂ ಕಬ್ಬಿಣಕ್ಕೂ ಮುಪ್ಪಿದೆ. ಹಿಮಬಂಡಿಯ ಕುಲುಕಾಟ, ಸಮುದ್ರದ ಉಪ್ಪುಗಾಳಿ ಲೀ-ಎನ್‌ಫೀಲ್ಡನ್ನು ತಿಂದವು. ನಳಿಗೆಯ ಕಪ್ಪು ಬಣ್ಣ ಮಾಸಿತು, ಬಿಡಿಭಾಗ ಸಿಗುವುದು ದುಸ್ತರವಾಯಿತು. 2018ರಿಂದ ಅದರ ಜಾಗಕ್ಕೆ ಸಿ-19 ಎಂಬ ಹೊಸ ರೈಫಲ್ಲು ಬಂತು. ಮೂಲ ವಿನ್ಯಾಸ ಫಿನ್ಲೆಂಡಿನದು, ತಯಾರಾದದ್ದು ಒಂಟಾರಿಯೊದ ಕಿಚನರ್‌ನಲ್ಲಿ, ಅಂದರೆ ಜೇಮ್ಸ್ ಲೀ ಆಡಿ ಬೆಳೆದ ಗಾಲ್ಟಿನ ಮಗ್ಗುಲಲ್ಲೇ. ತುಕ್ಕು ಹಿಡಿಯದ ಉಕ್ಕು, ಹಿಮದಲ್ಲಿ ಬಿದ್ದರೂ ಕಾಣುವ ಕೆಂಪು ಛಾಯೆಯ ಮರ, ದಪ್ಪ ಕೈಗವಸು ತೊಟ್ಟ ಬೆರಳಿಗೂ ಎಟಕುವಂತೆ ಅಗಲವಾದ ಕುದುರೆಯ ಬಳೆ.

ಹೊಸದನ್ನು ಹತ್ತಿರದಿಂದ ನೋಡಿದರೆ ಹಳೆಯದೇ ಇಣುಕುತ್ತದೆ. ಅದೇ ಕೈಯಿಂದ ಎಳೆಯುವ ಬೋಲ್ಟು, ಅದೇ ಹತ್ತು ತೋಟಾ, ಅದೇ ಲೋಹದ ಗುರಿಕಿಂಡಿ, ಮೈಗೆ ಮರ. ಉತ್ತರದ ಚಳಿ ಎಪ್ಪತ್ತು ವರ್ಷ ಒಪ್ಪಿಕೊಂಡದ್ದನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ನನ್ನ ಮಟ್ಟಿಗೆ ಇದು ದುಡಿದ ಸಲಕರಣೆಗೆ ಸಲ್ಲಬಹುದಾದ ದೊಡ್ಡ ಗೌರವ.

ಅದೇ ಸುಮಾರಿನಲ್ಲಿ, 2020ರ ಗಣರಾಜ್ಯೋತ್ಸವದಂದು, ಉತ್ತರ ಪ್ರದೇಶದ ಪೊಲೀಸರು ತಮ್ಮ ತ್ರೀ ನಾಟ್ ತ್ರೀಗಳಿಗೆ ಕವಾಯತಿನಲ್ಲಿ ವಿದಾಯ ಹೇಳಿದರು. ಕೆನಡಾದಲ್ಲಿ ಹಳೆಯ ರೈಫಲ್ಲನ್ನು ಪರವಾನಗಿಯಿರುವ ರೇಂಜರು ತನ್ನಲ್ಲೇ ಉಳಿಸಿಕೊಳ್ಳುವ ಅವಕಾಶವಿತ್ತು. ಹಾಗೆ ಉಳಿದ ಲೀ-ಎನ್‌ಫೀಲ್ಡಿಗೆ ಹಿಮಬಂಡಿಯ ಮೇಲೆ ಜಾಗ ಹೊಸದಾಗಿ ಹುಡುಕಬೇಕಿಲ್ಲ. ತಾನು ಬಂದಾಗಲೂ ಇಳಿಯದೆ ಉಳಿದಿದ್ದ ಈಟಿಯ ಪಕ್ಕದಲ್ಲಿ ಅದು ಆಗಲೇ ಇದೆ.